ಟೇಪ್ ಸ್ವಚ್ಛ ಮಾಡುವ ಭರದಲ್ಲಿ ಉಸಿರನ್ನೇ ಅಳಿಸಿಬಿಟ್ಟಿದ್ದೆ

"ಮಾರಾಯ್ರೆ, ಈ ಮನುಷ್ಯ ಉಸಿರು ತಗೊಳ್ಳುದೇ ಇಲ್ವಾ?"

ನಮ್ಮ ಚಿತ್ರದ ನಟನಿಗೆ ಸ್ಯಾಕ್ಸೋಫೋನ್ ಕಲಿಸುತ್ತಿದ್ದ ಮಂಗಳೂರು ಕಡೆಯ ಮೇಷ್ಟ್ರು, ಅಭ್ಯಾಸದ ಟ್ರ್ಯಾಕ್ ಕೇಳಿ ಫೋನ್ ಮಾಡಿ ಹೀಗೆ ಕೇಳಿದಾಗ ನಾನು ಬೇರೆ ಕೆಲಸದಲ್ಲಿದ್ದೆ. ಟ್ರ್ಯಾಕ್ ಕ್ಲೀನ್ ಮಾಡಿದ್ದೇನೆ ಸರ್, ಅದಕ್ಕೇ ಹಾಗೆ ಕೇಳಿಸುತ್ತೆ ಎಂದು ಹೇಳಿ ಫೋನ್ ಇಟ್ಟೆ. ಆವತ್ತು ಹತ್ತು ನಿಮಿಷ ಅವರ ಮಾತು ಕೇಳಿದ್ದರೆ ನಮ್ಮ ತಂಡಕ್ಕೆ ಎರಡು ದಿನದ ಶೂಟಿಂಗ್ ಉಳಿಯುತ್ತಿತ್ತು.

ನಾನು ಬೆಂಗಳೂರಿನಲ್ಲಿ ಸೌಂಡ್ ಎಡಿಟರ್. ಹದಿನಾಲ್ಕು ವರ್ಷದಿಂದ ಸಿನಿಮಾಗಳಿಗೆ ಸಂಭಾಷಣೆಯ ಟ್ರ್ಯಾಕ್ ಸರಿಮಾಡುವುದು, ಶಬ್ದ ಜೋಡಿಸುವುದು ನನ್ನ ಕೆಲಸ. ಕಳೆದ ವರ್ಷ ಒಬ್ಬ ಜಾಜ್ ಸ್ಯಾಕ್ಸೋಫೋನ್ ವಾದಕರ ಜೀವನದ ಮೇಲಿನ ಚಿತ್ರ ಕೈಗೆ ಬಂತು. ಹಳೆಯ ಕಂಟೋನ್ಮೆಂಟ್‌ನ ಕ್ಲಬ್ಬುಗಳಲ್ಲಿ ಡಾನ್ಸ್ ರಾತ್ರಿಗಳಿಗೆ ನುಡಿಸುತ್ತಿದ್ದವರು ಅವರು. ಚಿತ್ರ ಇನ್ನೂ ಬಿಡುಗಡೆಯಾಗಿಲ್ಲ, ಹಾಗಾಗಿ ಯಾರ ಹೆಸರೂ ಬೇಡ.

ಅವರ ಒಂದೇ ಒಂದು ರೆಕಾರ್ಡೂ ಮಾರುಕಟ್ಟೆಗೆ ಬಂದಿರಲಿಲ್ಲ. ಗೆಳೆಯರೊಬ್ಬರು ಮನೆಯಲ್ಲಿ ರೆಕಾರ್ಡ್ ಮಾಡಿಟ್ಟ ಮೂರು ಸ್ಪೂಲ್ ಟೇಪ್‌ಗಳು ಅವರ ಮಗಳ ಟ್ರಂಕಿನಲ್ಲಿದ್ದವು. ಅಷ್ಟೇ ಆಸ್ತಿ. ನಿರ್ದೇಶಕರಿಗೆ ಒಂದೇ ಹಟ, ಪರದೆ ಮೇಲೆ ನಟ ನುಡಿಸುವಾಗ ಕೇಳಬೇಕಾದ್ದು ಆ ಮನುಷ್ಯನದೇ ನಾದ. ಟೇಪನ್ನು ಕಂಪ್ಯೂಟರಿಗೆ ಇಳಿಸಿ, ಸ್ವಚ್ಛ ಮಾಡಿ, ಸ್ಯಾಕ್ಸ್ ಒಂದನ್ನೇ ಬೇರೆ ತೆಗೆದು, ಅದಕ್ಕೆ ಹೊಸದಾಗಿ ಪಿಯಾನೊ, ಬೇಸ್, ಡ್ರಮ್ಸ್ ಸೇರಿಸುವ ಯೋಜನೆ.

ಈ ದಾರಿ ನಮ್ಮ ತಲೆಯಲ್ಲಿ ಹುಟ್ಟಿದ್ದಲ್ಲ. 1988ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿದ 'ಬರ್ಡ್' ಚಿತ್ರದಲ್ಲಿ ಮಾಡಿದ್ದು ಇದನ್ನೇ. ಚಾರ್ಲಿ ಪಾರ್ಕರ್ ಕಥೆ ಅದು. 1920ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಹುಟ್ಟಿ, ಆಲ್ಟೋ ಸ್ಯಾಕ್ಸೋಫೋನ್ ಹಿಡಿದು ಜಾಜ್‌ನ ದಿಕ್ಕನ್ನೇ ಬದಲಿಸಿ, 1955ರಲ್ಲಿ ನ್ಯೂಯಾರ್ಕಿನಲ್ಲಿ ಬರೀ 34ನೇ ವಯಸ್ಸಿಗೆ ಹೋಗಿಬಿಟ್ಟ ಕಲಾವಿದ. ಮಾದಕ ವ್ಯಸನ ಅವನ ದೇಹವನ್ನು ಎಷ್ಟು ಹಾಳುಮಾಡಿತ್ತೆಂದರೆ ಶವ ನೋಡಿದ ವೈದ್ಯರು ವಯಸ್ಸು ಐವತ್ತು ದಾಟಿರಬೇಕು ಅಂದುಕೊಂಡಿದ್ದರು. ಈಸ್ಟ್‌ವುಡ್ ಹುಡುಗನಾಗಿದ್ದಾಗ ಓಕ್ಲೆಂಡ್‌ನಲ್ಲಿ ಪಾರ್ಕರ್ ನುಡಿಸಿದ್ದನ್ನು ಎದುರಿಗೇ ಕೇಳಿದ್ದವರು. ಅವರಿಗೂ ಬೇಕಾಗಿದ್ದು ಪಾರ್ಕರನ ನಾದವೇ.

ಆದರೆ ಪಾರ್ಕರ್ ಕಾಲದ ಧ್ವನಿಮುದ್ರಣ ಮೋನೊ, ಎಲ್ಲಾ ವಾದ್ಯಗಳೂ ಒಂದೇ ಟ್ರ್ಯಾಕಿನಲ್ಲಿ ಕಲಸಿಹೋಗಿರುತ್ತವೆ. ಇವತ್ತು ವಾದ್ಯಗಳನ್ನು ಬಿಡಿಸಿ ಕೊಡುವ ಸಾಫ್ಟ್‌ವೇರ್ ಇದೆ, ಒಂದು ಗುಂಡಿ ಒತ್ತಿ ಕಾಫಿ ಕುಡಿದು ಬಂದರೆ ಸ್ಯಾಕ್ಸ್ ಒಂದು ಕಡೆ, ಡ್ರಮ್ಸ್ ಒಂದು ಕಡೆ. ಆಗ ಅದಿರಲಿಲ್ಲ. ಸಂಗೀತದ ಹೊಣೆ ಹೊತ್ತ ಲೆನಿ ನೀಹಾಸ್ ಮತ್ತು ತಂತ್ರಜ್ಞರು ಪಾರ್ಕರನ ಸೋಲೋ ಮಾತ್ರ ಉಳಿಯುವಂತೆ ಮಿಕ್ಕ ವಾದ್ಯಗಳನ್ನು ಕಷ್ಟಪಟ್ಟು ತಗ್ಗಿಸಿದರು. ಪಾರ್ಕರನ ಜೊತೆಗಾತಿ ಚಾನ್ ಪಾರ್ಕರ್ ತಮ್ಮ ಬಳಿ ಜೋಪಾನ ಮಾಡಿಟ್ಟಿದ್ದ ಖಾಸಗಿ ಟೇಪ್‌ಗಳನ್ನೂ ಕೊಟ್ಟರು. ಆಮೇಲೆ ರೇ ಬ್ರೌನ್, ಬ್ಯಾರಿ ಹ್ಯಾರಿಸ್, ರಾನ್ ಕಾರ್ಟರ್ ಥರದ ದೊಡ್ಡ ವಾದಕರು ಸ್ಟುಡಿಯೋದಲ್ಲಿ ಕೂತು ಆ ಸೋಲೋಗೆ ಪಕ್ಕವಾದ್ಯ ನುಡಿಸಿದರು. ಪಾರ್ಕರನ ತಂಡದಲ್ಲೇ ಇದ್ದ ರೆಡ್ ರಾಡ್ನಿ ತಮ್ಮ ಟ್ರಂಪೆಟ್ ಭಾಗವನ್ನು ತಾವೇ ನುಡಿಸಿದರು. ಬಳಸಬಹುದಾದ ರೆಕಾರ್ಡಿಂಗ್ ಸಿಗದ ಕಡೆ ಚಾರ್ಲ್ಸ್ ಮೆಕ್‌ಫರ್ಸನ್ ಆಲ್ಟೋ ಹಿಡಿದರು. ಆ ವರ್ಷದ ಅತ್ಯುತ್ತಮ ಧ್ವನಿಯ ಆಸ್ಕರ್ ಈ ಚಿತ್ರಕ್ಕೆ ಹೋಯಿತು. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಪಾರ್ಕರ್ ಪಾತ್ರದ ಫಾರೆಸ್ಟ್ ವಿಟೇಕರ್ ಅತ್ಯುತ್ತಮ ನಟ.

ಶುರುವಿನಲ್ಲೇ ನಿರ್ದೇಶಕರು ನಮಗೆಲ್ಲ ಈ ಚಿತ್ರ ತೋರಿಸಿದ್ದರು. ನಾನು ನೋಡಿದೆ, ಇಷ್ಟಪಟ್ಟೆ, ಹೋಗಿ ನನಗೆ ಗೊತ್ತಿದ್ದ ರೀತಿಯಲ್ಲೇ ಕೆಲಸ ಶುರು ಮಾಡಿದೆ.

ನನಗೆ ಗೊತ್ತಿದ್ದ ರೀತಿ ಅಂದರೆ ಸಂಭಾಷಣೆ ಕ್ಲೀನ್ ಮಾಡುವ ರೀತಿ. ಮೊದಲು ಕರೆಂಟಿನ ಗುಂಯ್ ಶಬ್ದ ತೆಗೆದೆ. ಆಮೇಲೆ ಟೇಪಿನ ಸುಯ್ ಶಬ್ದ. ಆಮೇಲೆ ಕುರ್ಚಿ ಎಳೆದದ್ದು, ಲೋಟ ತಗುಲಿದ್ದು, ಯಾರೋ ಕೆಮ್ಮಿದ್ದು. ಸ್ಯಾಕ್ಸಿನ ಕೀಲಿಗಳು ಟಕಟಕ ಅನ್ನುತ್ತಿದ್ದವು, ಅದನ್ನೂ ತೆಗೆದೆ. ಮೈಕ್ ವಾದ್ಯಕ್ಕೆ ತೀರಾ ಹತ್ತಿರ ಇದ್ದಿರಬೇಕು, ಪ್ರತಿ ಸಾಲಿನ ನಡುವೆ ಉಸಿರು ಎಳೆದುಕೊಳ್ಳುವ ಸದ್ದು ಜೋರಾಗಿತ್ತು. ಒಂದೊಂದಾಗಿ ಹುಡುಕಿ ಎಲ್ಲ ತೆಗೆದೆ, ತೆಗೆದ ಜಾಗ ಖಾಲಿ ಅನ್ನಿಸಬಾರದೆಂದು ಹಿಂದಿನ ಸ್ವರಕ್ಕೆ ರಿವರ್ಬ್, ಅಂದರೆ ಕೋಣೆಯ ಮಾರ್ದನಿಯಂಥ ಪರಿಣಾಮ ಹಾಕಿ ಬಾಲ ಉದ್ದ ಮಾಡಿದೆ. ಹನ್ನೊಂದು ದಿನ ಹಿಡಿಯಿತು. ಮುಗಿದಾಗ ಟ್ರ್ಯಾಕ್ ನಿನ್ನೆ ರೆಕಾರ್ಡ್ ಮಾಡಿದ ಹಾಗೆ ಕೇಳುತ್ತಿತ್ತು, ನಿಜ ಹೇಳಬೇಕೆಂದರೆ ಹೆಮ್ಮೆಯಾಗಿತ್ತು.

ಮೊದಲ ಪೆಟ್ಟು ರೆಕಾರ್ಡಿಂಗ್ ದಿನ ಬಿತ್ತು. ಪಿಯಾನೊ ನುಡಿಸುವವರು ಬಂದು ಕೂತರು, ಟ್ರ್ಯಾಕ್ ಹಾಕಿದೆವು, ಶ್ರುತಿ ಸೇರಲಿಲ್ಲ. ಸ್ಯಾಕ್ಸ್ ಎರಡು ಸ್ವರಗಳ ನಡುವೆ ಎಲ್ಲೋ ನಿಂತಿತ್ತು. ಟೇಪ್ ಓಡಿದ ವೇಗವೇ ತಪ್ಪಾಗಿದೆ ಅಂತ ಅರ್ಥವಾಯಿತು, ಎಷ್ಟು ತಪ್ಪು ಎಂದು ಕಂಡುಹಿಡಿಯಬೇಕಲ್ಲ? ಅದರ ಸುಳಿವು ಇದ್ದದ್ದು ನಾನು ಮೊದಲ ದಿನವೇ ಕಸ ಎಂದು ತೆಗೆದುಹಾಕಿದ್ದ ಗುಂಯ್ ಶಬ್ದದಲ್ಲಿ. ನಮ್ಮ ಮನೆಗಳ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತನ. ರೆಕಾರ್ಡ್ ಮಾಡುವಾಗ ಟೇಪಿಗೆ ಇಳಿದ ಗುಂಯ್ ಕೂಡ 50ರ ಆಸುಪಾಸಿನಲ್ಲೇ ಇರಬೇಕು. ಪುಣ್ಯಕ್ಕೆ ಮೂಲ ಫೈಲ್ ಅಳಿಸಿರಲಿಲ್ಲ, ತೆಗೆದು ಅಳೆದರೆ 52 ಇತ್ತು. ಅಂದರೆ ಟೇಪ್ ನೂರಕ್ಕೆ ನಾಲ್ಕು ಪಾಲು ಜೋರಾಗಿ ಓಡಿದೆ, ಇದು ಒಂದು ಸ್ವರಸ್ಥಾನದ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಆಗಿನ ಕರೆಂಟ್ ಕರಾರುವಾಕ್ಕಾಗಿ 50ರಲ್ಲೇ ನಿಲ್ಲುತ್ತಿತ್ತು ಎಂದೂ ನಂಬುವ ಹಾಗಿಲ್ಲ, ಹಾಗಾಗಿ ಟೇಪಿನಲ್ಲೇ ಕೇಳುವ ಹಳೆಯ ಪಿಯಾನೊದ ಶ್ರುತಿ ಜೊತೆ ಹೋಲಿಸಿ ನೋಡಿದೆವು. ಸರಿಹೋಯಿತು. ಒಂದು ದಿನದ ಸ್ಟುಡಿಯೋ ಬಾಡಿಗೆ ಮಾತ್ರ ಹೋಯಿತು.

ಇಷ್ಟಾದ ಮೇಲಾದರೂ ನಾನು ತೆಗೆದುಹಾಕಿದ್ದರಲ್ಲಿ ಇನ್ನೇನಿತ್ತು ಎಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ವೇಗ ಮಾತ್ರ ಸರಿಮಾಡಿದೆ. ಡ್ರಮ್ಸ್ ಜೊತೆ ಕೂರುತ್ತಿಲ್ಲ ಅನ್ನಿಸಿದ ಎರಡು ಕಡೆ ಸ್ಯಾಕ್ಸಿನ ಸ್ವರವನ್ನು ಕೂದಲೆಳೆಯಷ್ಟು ಬೇಗ ಬರುವಂತೆ ಸರಿಸಿ ಕ್ಲಿಕ್‌ಗೆ, ಅಂದರೆ ವಾದಕರ ಕಿವಿಗೆ ತಾಳ ಹಿಡಿಯಲು ಹಾಕುವ ಟಿಕ್ ಟಿಕ್ ಸದ್ದಿಗೆ, ಹೊಂದಿಸಿದೆ. ಆ ಟ್ರ್ಯಾಕೇ ನಟನ ಅಭ್ಯಾಸಕ್ಕೂ ಹೋಯಿತು, ಶೂಟಿಂಗ್ ಸೆಟ್‌ನಲ್ಲಿ ಹಾಡು ಹಾಕಿ ಕೇಳಿಸುವ ನಾಗ್ರಾಗೂ ಹೋಯಿತು.

ನಟ ನಾಲ್ಕು ತಿಂಗಳು ಆ ಮೇಷ್ಟ್ರ ಹತ್ತಿರ ಬೆರಳಾಟ ಕಲಿತಿದ್ದರು. ಸ್ಯಾಕ್ಸೋಫೋನ್ ಅಂದರೆ ನಮ್ಮ ಕರಾವಳಿಗೆ ಪರದೇಶದ ವಾದ್ಯವೇನಲ್ಲ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತವನ್ನೇ ಅದರಲ್ಲಿ ನುಡಿಸಿ ತೋರಿಸಿದ ಮೇಲೆ ದಕ್ಷಿಣ ಕನ್ನಡದ ಮದುವೆ, ಜಾತ್ರೆಗಳಲ್ಲಿ ಅದು ಮನೆಯ ವಾದ್ಯ. (ಪಾರ್ಕರನ ಸಂಗೀತವನ್ನೇ ಆಧರಿಸಿ 2015ರಲ್ಲಿ 'ಬರ್ಡ್ ಕಾಲ್ಸ್' ಆಲ್ಬಂ ಮಾಡಿದ ಅಮೆರಿಕದ ರುದ್ರೇಶ್ ಮಹಂತಪ್ಪ, ಅದಕ್ಕೂ ಮುಂಚೆ ಗೋಪಾಲನಾಥರ ಜೊತೆ ಒಂದು ಆಲ್ಬಂ ನುಡಿಸಿದ್ದಾರೆ. ಹುಡುಕಿ ಕೇಳಿ.) ನಮ್ಮ ಮೇಷ್ಟ್ರಿಗೆ ಜಾಜ್ ಗೊತ್ತಿರಲಿಲ್ಲ. ಆದರೆ ಮದುವೆ ಚಪ್ಪರದಲ್ಲಿ ಗಂಟೆಗಟ್ಟಲೆ ಊದಿದವರಿಗೆ ಉಸಿರಿನ ಲೆಕ್ಕ ಗೊತ್ತಿರುವುದಿಲ್ವಾ? ಅದಕ್ಕೇ ಫೋನ್ ಮಾಡಿದ್ದು.

ಶೂಟಿಂಗ್ ಮುಗಿದು ಮೊದಲ ಎಡಿಟ್ ಆದಾಗ ಆ ವಾದಕರ ಮಗಳನ್ನು ಕರೆಸಿದೆವು. ಅರವತ್ತು ದಾಟಿದವರು, ನಾವೆಲ್ಲ ಆಂಟಿ ಅಂತಲೇ ಕರೆಯುತ್ತಿದ್ದೆವು. ಕ್ಲಬ್ ದೃಶ್ಯ ಪೂರ್ತಿ ನೋಡಿದರು. ಬೆರಳು ಒಂದೂ ತಪ್ಪಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಡ್ಯಾಡಿಗೆ ಆಸ್ತಮಾ ಇತ್ತು. ಇಷ್ಟುದ್ದ ಒಂದೇ ದಮ್ಮಿಗೆ ಅವರು ಯಾವತ್ತೂ ನುಡಿಸಿಲ್ಲ. ಟ್ಯೂನ್ ಅವರದೇ, ಆದ್ರೆ ಇದು ಯಾರೋ ಬೇರೆಯವರು."

ಆ ರಾತ್ರಿ ಸ್ಟುಡಿಯೋದಲ್ಲಿ ಮೂಲ ಟೇಪನ್ನು ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಮೇಷ್ಟ್ರಿಗೂ ಫೈಲ್ ಕಳಿಸಿ, ಫೋನಿನಲ್ಲಿ ಕ್ಷಮೆ ಕೇಳಿ, ಇಬ್ಬರೂ ಒಟ್ಟಿಗೆ ಕೇಳುತ್ತಾ ಹೋದೆವು. ಅವರು ತೋರಿಸಿಕೊಟ್ಟಿದ್ದನ್ನು ಹದಿನಾಲ್ಕು ವರ್ಷದ ಕೆಲಸದಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮನುಷ್ಯ ಸಾಲುಗಳನ್ನು ಚಿಕ್ಕದಾಗಿ ಕತ್ತರಿಸುತ್ತಿದ್ದದ್ದು ಗಾಳಿ ಸಾಲದೆ. ಕೊನೆಯ ಸ್ವರ ಸ್ವಲ್ಪ ಕೆಳಗೆ ಜಾರುತ್ತಿದ್ದದ್ದೂ ಅದಕ್ಕೇ. ಮುಂದಿನ ಸಾಲಿಗೆ ತಾಳಕ್ಕಿಂತ ಒಂಚೂರು ತಡವಾಗಿ ಬರುತ್ತಿದ್ದದ್ದು ಉಸಿರು ಎಳೆದುಕೊಳ್ಳಲು ಅಷ್ಟು ಹೊತ್ತು ಬೇಕಾಗಿದ್ದಕ್ಕೆ. ವರ್ಷಗಟ್ಟಲೆ ಹೀಗೆ ನುಡಿಸಿ ಅದೇ ಅವರ ಶೈಲಿಯಾಗಿಬಿಟ್ಟಿತ್ತು, ಆ ತಡವೇ ಕೇಳಲು ಅಷ್ಟು ಚೆಂದ. ನಾನು ಬೇಗ ಬರುವಂತೆ ಸರಿಸಿದ್ದ ಎರಡು ಸ್ವರಗಳೂ ಅಂಥ ತಡಗಳೇ ಆಗಿದ್ದವು.

ಇನ್ನೂ ಕೆಟ್ಟದ್ದೆಂದರೆ ನನ್ನ ಟ್ರ್ಯಾಕ್ ಕೇಳಿಕೊಂಡೇ ಕಲಿತ ನಟ, ಉಸಿರು ತೆಗೆದುಕೊಳ್ಳುವ ಜಾಗದಲ್ಲೂ ಬಾಯಿಂದ ಮೌತ್‌ಪೀಸ್ ಸಡಿಲಿಸಿರಲಿಲ್ಲ. ಎದೆ ಏರಿಲ್ಲ, ಭುಜ ಅಲ್ಲಾಡಿಲ್ಲ. ಅದು ಮಿಕ್ಸಿಂಗ್‌ನಲ್ಲಿ ಸರಿಹೋಗುವ ತಪ್ಪಲ್ಲ.

ಆಮೇಲೆ 'ಬರ್ಡ್' ಅನ್ನು ಎರಡನೇ ಸಲ ನೋಡಿದೆ, ಈ ಸಲ ಕೆಲಸದವನಾಗಿ. ಪಾರ್ಕರ್ 1945ರಲ್ಲಿ ರೆಕಾರ್ಡ್ ಮಾಡಿದ 'ಕೋ ಕೋ' ನಿಮಿಷಕ್ಕೆ ಸುಮಾರು 300 ತಾಳದ ವೇಗದಲ್ಲಿದೆ. ತಾಳಕ್ಕೆ ಎರಡು ಸ್ವರ ಅಂದರೂ ಸೆಕೆಂಡಿಗೆ ಹತ್ತು ಸ್ವರ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಒಂದು ಸ್ವರಕ್ಕೆ ಎರಡೂವರೆ ಫ್ರೇಮೂ ಸಿಗುವುದಿಲ್ಲ. ಅಷ್ಟರಲ್ಲಿ ಯಾವ ಪ್ರೇಕ್ಷಕ ಬೆರಳು ಲೆಕ್ಕ ಹಾಕುತ್ತಾನೆ? ಯಾವ ಕೀಲಿಗೆ ಯಾವ ಸ್ವರ ಅನ್ನುವುದು ನೂರರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಗೊತ್ತಿಲ್ಲ, ಆದರೆ ಉಸಿರಾಡುವುದು ಎಲ್ಲರಿಗೂ ಗೊತ್ತು. ನಾವು ನಾಲ್ಕು ತಿಂಗಳು ಬೆರಳಿನ ಹಿಂದೆ ಬಿದ್ದಿದ್ದೆವು.

ಆ ಚಿತ್ರದ ಒಂದು ಕೊರತೆಯೂ ಈ ಸಲ ಕಿವಿಗೆ ಬಿತ್ತು. ಜಾಜ್ ಅಂದರೆ ಮಾತುಕತೆ, ಸ್ಯಾಕ್ಸ್ ಒಂದು ಹೇಳಿದರೆ ಡ್ರಮ್ಸ್ ಉತ್ತರ ಕೊಡುತ್ತದೆ, ಆ ಉತ್ತರ ಕೇಳಿ ಸ್ಯಾಕ್ಸ್ ತಿರುಗುತ್ತದೆ. ಅಲ್ಲಿ ಹೊಸ ವಾದಕರು ಪಾರ್ಕರನನ್ನು ಕೇಳುತ್ತಾರೆ, ಆದರೆ ಸತ್ತು ಮೂವತ್ತಕ್ಕೂ ಹೆಚ್ಚು ವರ್ಷವಾದ ಪಾರ್ಕರ್ ಅವರನ್ನು ಕೇಳಲಾರ. ಎಷ್ಟು ಚೆನ್ನಾಗಿ ನುಡಿಸಿದರೂ ಒಮ್ಮುಖದ ಮಾತು ಅದು. 1986ರ 'ರೌಂಡ್ ಮಿಡ್‌ನೈಟ್' ಚಿತ್ರದಲ್ಲಿ ಬರ್ಟ್ರಾಂಡ್ ತವೆರ್ನಿಯೆ ಬೇರೆ ದಾರಿ ಹಿಡಿದರು, ನಿಜವಾದ ಸ್ಯಾಕ್ಸ್ ವಾದಕ ಡೆಕ್ಸ್ಟರ್ ಗಾರ್ಡನ್‌ರನ್ನೇ ನಟನಾಗಿಸಿ ಸಂಗೀತವನ್ನು ಸೆಟ್‌ನಲ್ಲೇ ನೇರವಾಗಿ ರೆಕಾರ್ಡ್ ಮಾಡಿದರು. ಅದರಲ್ಲಿ ದಣಿವು, ಉಸಿರು ಎಲ್ಲ ತಾನಾಗಿ ಬರುತ್ತದೆ. ನನಗೆ ಮನಸ್ಸಿನಲ್ಲಿ ಹೆಚ್ಚು ಇಷ್ಟವಾಗುವುದು ಅದೇ. ಆದರೆ ಅಲ್ಲಿನ ಪಾತ್ರ ಕಲ್ಪಿತ, ನಮ್ಮದು ಇದ್ದ ಮನುಷ್ಯನ ಕಥೆ, ಅವರ ನಾದ ಇರುವುದು ಆ ಮೂರು ಸ್ಪೂಲಿನಲ್ಲಿ ಮಾತ್ರ.

ಹಾಗಾಗಿ ಮೊದಲಿನಿಂದ ಶುರು ಮಾಡಿದೆವು. ಗುಂಯ್ ಮತ್ತು ಸುಯ್ ಶಬ್ದ ಅರ್ಧದಷ್ಟು ಮಾತ್ರ ತಗ್ಗಿಸಿದೆ. ಉಸಿರು, ಕೀಲಿಯ ಸದ್ದು ಮುಟ್ಟಲಿಲ್ಲ. ಡ್ರಮ್ಸ್ ವಾದಕರು ಕ್ಲಿಕ್ ತೆಗೆಸಿ, ಬರೀ ಟೇಪ್ ಕೇಳುತ್ತಾ, ಆ ತಡಗಳಿಗೆ ತಾವೇ ಕಾದು ನುಡಿಸಿದರು. ಮೇಷ್ಟ್ರು ಪ್ರತಿ ಉಸಿರಿಗೂ ಗುರುತು ಹಾಕಿ ನಟನಿಗೆ ಒಂದು ಹಾಳೆ ಬರೆದುಕೊಟ್ಟರು. ಪಾರ್ಕರ್ ನುಡಿಸುವುದನ್ನು ಧ್ವನಿ ಸಮೇತ ನೋಡಲು ಸಿಗುವುದು 1952ರ ಒಂದು ಟಿವಿ ಕಾರ್ಯಕ್ರಮದ ತುಣುಕಿನಲ್ಲಿ, ಅದನ್ನೂ ನಟನಿಗೆ ತೋರಿಸಿದೆವು. ಪಾರ್ಕರ್ ಅದರಲ್ಲಿ ಹೆಚ್ಚುಕಡಿಮೆ ಅಲ್ಲಾಡದೆ ನಿಂತಿರುತ್ತಾನೆ. ಉಸಿರು ತೋರಿಸಬೇಕೆಂದು ಭುಜ ಕುಣಿಸಬೇಕಾಗಿಲ್ಲ ಅನ್ನುವುದು ನಟನಿಗೆ ಆಗ ಹೊಳೆಯಿತು. ಎರಡು ದಿನ ಪ್ಯಾಚ್ ವರ್ಕ್, ಅಂದರೆ ಬೇಕಾದ ತುಣುಕುಗಳ ಮರುಶೂಟಿಂಗ್ ಆಯಿತು, ಬರೀ ಎದೆಮಟ್ಟದ ಶಾಟ್‌ಗಳು. ನಿರ್ಮಾಪಕರ ಮುಂದೆ ತಪ್ಪು ನನ್ನದೇ ಎಂದು ಹೇಳಿದೆ. ಅವರು ಬೈದರು, ಆಮೇಲೆ ದುಡ್ಡು ಕೊಟ್ಟರು.

ಈಗ ಯಾವ ಹಳೆಯ ಟೇಪ್ ಬಂದರೂ ಏನೂ ಮುಟ್ಟದ ಪ್ರತಿ ಒಂದನ್ನು ಮೊದಲು ಎತ್ತಿಡುತ್ತೇನೆ. ಆ ವಾದಕರನ್ನು ಹತ್ತಿರದಿಂದ ಕಂಡವರು, ಆ ವಾದ್ಯ ಗೊತ್ತಿದ್ದವರು, ಇಬ್ಬರು ಕೇಳುವ ತನಕ ಒಂದು ಸದ್ದನ್ನೂ ಅಳಿಸುವುದಿಲ್ಲ.

ಕೊನೆಯ ಮಿಕ್ಸ್ ಕೇಳಲು ಮೇಷ್ಟ್ರು ಮಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದರು. ಆಂಟಿ ಪಕ್ಕ ಕೂತಿದ್ದರು. ಕ್ಲಬ್ ದೃಶ್ಯದಲ್ಲಿ ಮೊದಲ ಸ್ವರಕ್ಕೆ ಮುಂಚೆ ಒಂದೂವರೆ ಸೆಕೆಂಡ್ ಬರೀ ಉಸಿರು ಬಿಟ್ಟಿದ್ದೆವು. ಹಾಡು ಮುಗಿಯಿತು. ಆಂಟಿ ಕಣ್ಣು ಒರೆಸಿಕೊಳ್ಳುತ್ತಿದ್ದರು, ಏನೂ ಹೇಳಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿ ನೀರು ಕೇಳಿದರು.

"ಕೇಳಿ ಕೇಳಿ ನಂಗೇ ದಮ್ಮು ಕಟ್ಟಿತು ಮಾರಾಯ್ರೆ."