ತಪ್ಪು ಗುತ್ತಿಗೆದಾರನದಲ್ಲ, ನನ್ನ ಚಕ್ರದ್ದು

ರಸ್ತೆಯ ಅಳತೆಯಲ್ಲಿ ಎರಡು ತಿಂಗಳು ನನ್ನನ್ನು ಕುಣಿಸಿದ ಅಲೆ ಕೊನೆಗೂ ಸಿಕ್ಕಿಬಿದ್ದಿತು.

ರಸ್ತೆಯ ಒರಟುತನ ಅಳೆಯುವ ಸರಳ ಉಪಕರಣ ಮರ್ಲಿನ್. ಅದನ್ನು ಕಟ್ಟಿದ ಕಥೆ ಬಿಡೋಣ. 1.8 ಮೀಟರ್ ಚೌಕಟ್ಟು, ಮುಂದೆ ಸೈಕಲ್ ಚಕ್ರ, ಹಿಂದೆ ಕಾಲು, ನಡುವೆ ರಸ್ತೆಯ ಏರುತಗ್ಗು ಮುಟ್ಟಿ ನೋಡುವ ಪಾದ, ಅದರ ಚಲನೆಯನ್ನು ಚಾರ್ಟಿನ ಮೇಲೆ ಹತ್ತು ಪಟ್ಟು ಹಿಗ್ಗಿಸುವ ಸನ್ನೆಕೋಲು, ಇಷ್ಟೇ. ನನಗೆ ಬೇಕಿದ್ದುದು ಮೂರು ಮಳೆಗಾಲ ಕಂಡ ಮೂರು ರಸ್ತೆಗಳ ಒರಟುತನ. ಮೂರಕ್ಕೂ ಬೇರೆ ಬೇರೆ ಬಗೆಯ ಗುತ್ತಿಗೆ: ಒಂದು ಐಟಂ ರೇಟ್, ಇನ್ನೊಂದು ಇಪಿಸಿ, ಮತ್ತೊಂದು ಕೊಡಗಿನ ಗಡಿಯಾಚೆ ಬಯಲಿನಲ್ಲಿರುವ ಹ್ಯಾಮ್. ಅದೇ ಕ್ರಮದಲ್ಲಿ, ಅಳೆದಷ್ಟಕ್ಕೆ ಬಿಲ್ ಮಾಡುವವನು, ವಿನ್ಯಾಸವೂ ನನ್ನದೇ ಎಂದು ಇಡಿಗಂಟಿಗೆ ಒಪ್ಪಿದವನು, 60% ಹಣಕ್ಕೆ 15 ವರ್ಷ ಕಾಯುತ್ತಾ ನಿರ್ವಹಣೆಯನ್ನೂ ಹೊತ್ತವನು: ಮೂವರ ಡಾಂಬರೂ ಒಂದೇ ರೀತಿ ಹಳತಾಗುತ್ತದೆಯೇ?

ಮೂರೂ ಕಡೆ ಡಿ, ಅಂದರೆ ಚಾರ್ಟಿನಲ್ಲಿ ಗುರುತುಗಳು ಹರಡಿದ ಅಗಲ, 80 ಮಿಲಿಮೀಟರಿನ ಮೇಲೆಯೇ ಬಂತು. ಇಪಿಸಿ ತುಂಡಿನಲ್ಲಿ 84. ಐಆರ್‌ಐ, ಅಂದರೆ ಅಂತರರಾಷ್ಟ್ರೀಯ ಒರಟುತನ ಸೂಚ್ಯಂಕದ ಲೆಕ್ಕದಲ್ಲಿ 4.55; ಹೆಚ್ಚಿದಷ್ಟೂ ರಸ್ತೆ ಒರಟು. ಡಾಂಬರು ಹಾಸುವ ಯಂತ್ರ, ಪೇವರ್, ಓಡಿಸಿದವನನ್ನು ಮನಸಾರೆ ಬೈದೆ.

ಮಳೆ ತಿಂಗಳು ಕಕ್ಕಡದಲ್ಲಿ ಚಾರ್ಟ್ ಹಾಳೆ ನೆನೆದು ಮುದ್ದೆಯಾಗಿ, 200 ಅಳತೆಗಳನ್ನೂ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆಯುತ್ತಿದ್ದೆ. ಅದೇ ಕಾಪಾಡಿತು. ಆ ಸಾಲನ್ನು ಗ್ರಾಫ್ ಮಾಡಿದರೆ ಸುಮಾರು 30 ಅಳತೆಗೊಂದು ಏರಿಳಿತ, ಅಂದರೆ 60 ಮೀಟರಿಗೊಂದು ಅಲೆ. ಮೂರೂ ರಸ್ತೆಗಳಲ್ಲಿ! ಮೂವರು ಗುತ್ತಿಗೆದಾರರು ಒಂದೇ ತಾಳಕ್ಕೆ ತಪ್ಪು ಹೆಜ್ಜೆ ಇಡಲು ಇದೇನು ಹುತ್ತರಿ ಕೋಲಾಟವೇ?

ಸುತ್ತಿಗೊಮ್ಮೆ ಎಲ್ಲಿ ನಿಲ್ಲಿಸಬೇಕೆಂದು ತೋರಿಸುವ ರಿಮ್ಮಿನ ಗುರುತು ಮಳೆಗೆ ಅಳಿಸಿತ್ತು. ಟೇಪ್ ಹಿಡಿದು 2 ಮೀಟರಿಗೊಮ್ಮೆ ನಿಲ್ಲಿಸಿದರೆ ಇನ್ನೂ ಅಚ್ಚುಕಟ್ಟು ಎಂದು ನನ್ನ ಅತಿಬುದ್ಧಿ. ಚಕ್ರದ ಸುತ್ತಳತೆ 2.07 ಮೀಟರ್. ಪ್ರತಿ ಸಲ 7 ಸೆಂಟಿಮೀಟರ್ ಹಿಂದೆ ಬಿದ್ದು, ನೆಲಕ್ಕೆ ತಾಗುವ ಜಾಗ ಬದಲಾಗುತ್ತಾ ಹೋಗಿದೆ. ಚಕ್ರವೋ ಕೋಳಿಮೊಟ್ಟೆ: 8 ಮಿಲಿಮೀಟರ್ ವ್ಯತ್ಯಾಸ. ನಡುವಿನ ಪಾದಕ್ಕೆ ಅದರಲ್ಲಿ ಅರ್ಧ, ಸನ್ನೆಕೋಲು ಹತ್ತು ಪಟ್ಟು. ಚಾರ್ಟಿನಲ್ಲಿ 40 ಮಿಲಿಮೀಟರ್! ಅಂಗಡಿಯವರಿಗೆ ತೋರಿಸಿದರೆ, "ಸೈಕಲ್ ಓಡುತ್ತದಲ್ಲ, ಮತ್ತೇನು ಬೇಕು?" ಎಂದರು.

ಮಗಳ ನೇಲ್ ಪಾಲಿಶ್‌ನಿಂದ ಹೊಸ ಗುರುತು ಹಾಕಿ, ಸುತ್ತಿಗೊಮ್ಮೆ ಅದೇ ಗುರುತಿಗೆ ನಿಲ್ಲಿಸಿ ಇಪಿಸಿ ತುಂಡನ್ನು ಮತ್ತೆ ಅಳೆದೆ. ಡಿ 70, ಐಆರ್‌ಐ 3.89. ಪೇವರ್‌ನವನೇ, ಕ್ಷಮಿಸು. ತೋಟದ ಬೇಲಿಯಾಚೆಯಿಂದ ಹಿರಿಯರೊಬ್ಬರು, "ರಸ್ತೆ ಅಗಲ ಮಾಡುತ್ತೀರಾ? ನಮ್ಮ ಮೆಣಸಿನ ಬಳ್ಳಿ ಉಳಿಯುತ್ತದೆಯೇ?" ಎಂದು ಕೇಳಿದರು. ಸೈಕಲ್ ರಿಪೇರಿ ಎಂದೆ. ಸುಳ್ಳೇನಲ್ಲ.

ಅಷ್ಟಕ್ಕೂ 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವೆ ಹೆದ್ದಾರಿ 275 ಕುಸಿದಾಗ ಅದರ ಐಆರ್‌ಐ ಯಾರಿಗೆ ಬೇಕಿತ್ತು? ಇಲ್ಲಿ ರಸ್ತೆಯನ್ನು ತಿನ್ನುವುದು ನೀರು. ಮುಂದಿನ ಕೆಲಸ ಮೋರಿಗಳ ಎಣಿಕೆ: ಯಾವ ಗುತ್ತಿಗೆಯಲ್ಲಿ ಎಷ್ಟು ಕಟ್ಟಿದರು, ಎಷ್ಟರಲ್ಲಿ ಮಣ್ಣು ತುಂಬಿದೆ, ಹೂಳು ತೆಗೆಯುವ ಹೊಣೆ ಯಾರದು. ಇಡಿಗಂಟಿನವನು ಮೋರಿಯಲ್ಲಿ ಕೈ ಬಿಗಿ ಹಿಡಿದಿದ್ದಾನೆಂದು ನನ್ನ ಗುಮಾನಿ. ಆದರೆ ಪೇವರ್‌ನವನ ಮೇಲೂ ಗುಮಾನಿಯೇ ಇತ್ತು.

ಉಳಿದೆರಡು ರಸ್ತೆ ಹೊಸ ಚಕ್ರ ಬಂದ ಮೇಲೆ. "ನಾಳೆ ಬರುತ್ತದೆ" ಎಂದು ಅಂಗಡಿಯವರು ಹೇಳಿ ಎರಡು ವಾರವಾಯಿತು.