ರಿಪೋರ್ಟಿನ ಕೊನೆಯ ಸಾಲು

ಹೈಸ್ಕೂಲಲ್ಲಿ 12 ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಒಂದು ಇಂಗ್ಲಿಷ್ ಪದ ನಾನು 5 ದಿನ ಅಳುವಂತೆ ಮಾಡಿತು ಅಂದರೆ ನನ್ನ ಕ್ಲಾಸಿನ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ನಮ್ಮನೆಯಲ್ಲಿ ಎಂಎಸ್ ಅಂತೀವಿ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಮೇಲಿನ ಮೈಲಿನ್ ಪದರವನ್ನು ಹಾಳುಮಾಡುವ ಕಾಯಿಲೆ. ನೆಂಟರಿಗೆ ಇದನ್ನು ಹೇಳಿ ಮುಗಿಸುವಷ್ಟರಲ್ಲಿ "ಓ, ನರ ವೀಕ್‌ನೆಸ್ಸಾ? ಬಿ12 ಇಂಜೆಕ್ಷನ್ ಹಾಕಿಸ್ಕೋ" ಅಂದುಬಿಡುತ್ತಾರೆ. ಒಳಗೊಳಗೇ ನಗುತ್ತಿದ್ದೆ. ನಾನು ತಿಳಿದವಳು ಅನ್ನುವ ಜಂಬ!

ಕಳೆದ ವರ್ಷ ಎಂಆರ್‌ಐ ಹಾಸನದಲ್ಲೇ ಮಾಡಿಸಿದೆ. ಸಂಜೆ ಕವರ್ ಕೈಗೆ ಬಂತು. ಬೆಂಗಳೂರಿನ ನರರೋಗ ಡಾಕ್ಟರನ್ನು ನೋಡಲು ಇನ್ನೂ 5 ದಿನ ಇತ್ತು. ತಡೆಯಲಾಗಲಿಲ್ಲ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೇ ಬಿಚ್ಚಿದೆ. ಅರ್ಧ ಅರ್ಥವಾಗಲಿಲ್ಲ. ಕೊನೆಯ ಸಾಲು ಮಾತ್ರ ಚೆನ್ನಾಗಿ ಅರ್ಥವಾಯಿತು: 'ನೋ ಎನ್‌ಹಾನ್ಸ್‌ಮೆಂಟ್ ಸೀನ್.'

ಎನ್‌ಹಾನ್ಸ್ ಅಂದರೆ ಉತ್ತಮಪಡಿಸು. 9ನೇ ಕ್ಲಾಸಿಗೆ ನಾನೇ ಬರೆಸಿದ ಅರ್ಥ. ಅಂದರೆ ಸುಧಾರಣೆ ಏನೂ ಇಲ್ಲ! ಒಂದೂವರೆ ವರ್ಷದಿಂದ ದಿನಕ್ಕೆ 2 ಹೊತ್ತು ಡೈಮಿಥೈಲ್ ಫ್ಯೂಮರೇಟ್ ಅನ್ನುವ ಎಂಎಸ್ ಮಾತ್ರೆ ನುಂಗಿದ್ದೆ. ಅದರಿಂದಾಗುವ ಹೊಟ್ಟೆ ಉರಿ ಸಹಿಸಿದ್ದೆ. ಸ್ಟಾಫ್ ರೂಮಿನಲ್ಲಿ ಇದ್ದಕ್ಕಿದ್ದಂತೆ ಮುಖ ಕೆಂಪಾದಾಗ "ಏನ್ ಮೇಡಂ, ನಾಚಿಕೆನಾ?" ಅನ್ನಿಸಿಕೊಂಡಿದ್ದೆ. ಎಲ್ಲ ದಂಡ ಅನಿಸಿತು. ಫೋನ್ ಮಾಡಿ ಕೇಳು ಅಂದರು ನಮ್ಮನೆಯವರು. "ಕೇಳೋದೇನಿದೆ, ಇಲ್ಲೇ ಬರೆದಿದೆಯಲ್ಲ" ಅಂದೆ. ಆ ರಾತ್ರಿಯೇ ಮಾತ್ರೆ ನಿಲ್ಲಿಸಿದೆ.

ಡಾಕ್ಟರು ಹಳೆಯ ಸ್ಕ್ಯಾನ್, ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಚೆನ್ನಾಗಿದೆ ಮೇಡಂ" ಅಂದರು. ಸುಮ್ನೆ ಸಮಾಧಾನಕ್ಕೆ ಹೇಳ್ತಿದ್ದಾರೆ ಅಂದುಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ.

ಅವರು ಕವರಿನ ಹಿಂದೆ ಒಂದು ರಕ್ತನಾಳ ಬರೆದರು. ಮಿದುಳಿನಲ್ಲಿ ಹೊಸ ಉರಿಯೂತ ಎದ್ದಾಗ ಅಲ್ಲಿನ ರಕ್ತನಾಳದ ಗೋಡೆ ಸಡಿಲವಾಗುತ್ತದಂತೆ. ಸ್ಕ್ಯಾನ್ ಮಾಡುವಾಗ ಕೈಗೆ ಚುಚ್ಚುವ ಗ್ಯಾಡೋಲಿನಿಯಂ ಅನ್ನುವ ದ್ರವ ಆ ಜಾಗದಲ್ಲಿ ಸೋರಿ ಬೆಳ್ಳಗೆ ಹೊಳೆಯುತ್ತದೆ. "ಆ ಹೊಳಪಿಗೆ ಎನ್‌ಹಾನ್ಸ್‌ಮೆಂಟ್ ಅಂತೀವಿ. ನಿಮ್ಮದರಲ್ಲಿ ಎಲ್ಲೂ ಹೊಳೀತಿಲ್ಲ. ಹೊಸ ಕಲೆಯೂ ಬಂದಿಲ್ಲ. ಮಾತ್ರೆ ಕೆಲಸ ಮಾಡ್ತಿದೆ."

ಆಗ ನಿಜ ಹೇಳಲೇಬೇಕಾಯಿತು.

ಅವರು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. ಕೊನೆಯ ಮಾತ್ರೆ ಯಾವತ್ತು ಅಂತ ಕೇಳಿದರು. ಬಿಳಿ ರಕ್ತಕಣದ ಲೆಕ್ಕಕ್ಕೆ ರಕ್ತ ಪರೀಕ್ಷೆ ಬರೆದರು. ಈ ಮಾತ್ರೆಗೆ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ ಇಳಿಯಬಹುದು, ಆಗಾಗ ನೋಡುತ್ತಿರಬೇಕು. ಮತ್ತೆ ಹೇಗೆ ಶುರು ಮಾಡಬೇಕು ಅಂತಲೂ ಚೀಟಿಯಲ್ಲಿ ಬರೆದುಕೊಟ್ಟರು. ಊಟದ ಜೊತೆ ತಗೊಂಡರೆ ಮುಖ ಕೆಂಪಾಗುವುದು ಕಡಿಮೆ ಅಂತ ಮೊದಲ ದಿನವೇ ಹೇಳಿದ್ದರಂತೆ. ಆ ದಿನ ನನಗೆ ಕಾಯಿಲೆಯ ಹೆಸರು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

ಮಾನ ಹೇಗೂ ಹೋಗಿತ್ತು. ಎದ್ದು ನಿಂತವಳು ಇನ್ನೊಂದು ಕೇಳಿಯೇಬಿಟ್ಟೆ. "ಸಾರ್, ರಿಪೋರ್ಟಿನಲ್ಲಿರೋ ಲೀಷನ್ ಅಂದರೆ ಗಡ್ಡೆ ಅಲ್ಲ, ಅಲ್ವಾ?"

"ಗಡ್ಡೆ ಅಲ್ಲ ಮೇಡಂ. ಮೈಲಿನ್ ಹೋಗಿ ಉಳಿದ ಗಾಯದ ಕಲೆ."

ನಮ್ಮನೆಯವರು ನನ್ನ ಕಡೆ ತಿರುಗಿದರು. 2 ವರ್ಷದಿಂದ ಅವರೂ ಗಡ್ಡೆ ಅಂತಲೇ ಅಂದುಕೊಂಡಿದ್ದರಂತೆ. ನನಗೆ ಗೊತ್ತಾದರೆ ಹೆದರುತ್ತೇನೆ ಅಂತ ಬಾಯಿ ಬಿಟ್ಟಿರಲಿಲ್ಲ.