ಸೀಲ್ ಸರಿ ಇತ್ತು, ಬೋಲ್ಟ್ ಸರಿ ಇರಲಿಲ್ಲ

ಮೊನ್ನೆ ಹವಾಲ್ದಾರ್ ಕಾಕಾ ರಜೆ ಚೀಟಿಗೆ ಸಹಿ ಹಾಕಿಸಿಕೊಳ್ಳೋಕೆ ಬಂದಿದ್ದರು. ಅವರ ಫೈಲ್ ತೆಗೆದೆ. ಮೇಲೆಯೇ ನನ್ನ ಕೈಬರಹದ ಮೆಮೊ ಕೂತಿತ್ತು: ‘ಮೇಲಿನವರ ಮಾತು ಕೇಳಲಿಲ್ಲ, ಗೇಟ್ ರಜಿಸ್ಟರಿಗೆ ಸಹಿ ಹಾಕಲಿಲ್ಲ.’ ಎರಡು ವರ್ಷ ಆಯ್ತು. ಈಗಲೂ ಅದನ್ನು ಓದಿದರೆ ಕಿವಿ ಬಿಸಿಯಾಗುತ್ತೆ.

ಬೆಳಗಾವಿ ಹತ್ತಿರ ಹೈವೇ ಪಕ್ಕದ ಕಂಟೇನರ್ ಯಾರ್ಡಿನಲ್ಲಿ ನಾನು ಸೆಕ್ಯುರಿಟಿ ಸೂಪರ್‌ವೈಸರ್. ಉದ್ಯಮಬಾಗ, ಮಚ್ಛೆ ಕಡೆಯ ಕಾರ್ಖಾನೆಗಳಲ್ಲಿ ಸ್ಟಫಿಂಗ್ ಆಗಿ, ಅಂದ್ರೆ ಮಾಲು ತುಂಬಿ, ಸೀಲ್ ಬಿದ್ದ ಕಂಟೇನರ್ ಬಾಕ್ಸುಗಳು ಸಂಜೆ ನಮ್ಮಲ್ಲಿಗೆ ಬರುತ್ತವೆ. ಡ್ರೈವರ್ ಊಟ ಮಾಡ್ತಾನೆ, ಕಸ್ಟಮ್ಸ್ ಕೆಲಸ ನೋಡೋ ಏಜೆಂಟ್, ನಮ್ಮ ಬಾಯಲ್ಲಿ ಸಿಎಚ್‌ಎ, ಕಾಗದ ಕಳಿಸ್ತಾನೆ, ರಾತ್ರಿ ಟ್ರೇಲರ್ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನ ದಾರಿ ಹಿಡಿಯುತ್ತೆ. ಬಂದರಿನಲ್ಲಿ ಸಿಐಎಸ್‌ಎಫ್ ಜವಾನರಿದ್ದಾರೆ. 2004ರ ಜುಲೈ 1ರಿಂದ ಜಾರಿಗೆ ಬಂದ, ಹಡಗು-ಬಂದರುಗಳ ಭದ್ರತೆಯ ಅಂತಾರಾಷ್ಟ್ರೀಯ ಐಎಸ್‌ಪಿಎಸ್ ನಿಯಮ ಇದೆ, ಮೂರು ಹಂತದ ಎಚ್ಚರಿಕೆ ಇದೆ. ನಮ್ಮಲ್ಲಿ ಒಂದು ಬೂಮ್ ಗೇಟು, ಎರಡು ಕ್ಯಾಮೆರಾ. ಅದರಲ್ಲಿ ಒಂದು ಸದಾ ಬಂದ್. ಆದರೆ ಬಾಕ್ಸ್ ಮುಚ್ಚೋದು ಈ ಕಡೆ. ಬಂದರಿನ ಗೇಟಿಗೆ ಹೋಗಿ ನಿಲ್ಲೋ ಹೊತ್ತಿಗೆ ಅದು ಬೀಗ ಬಿದ್ದ ಪೆಟ್ಟಿಗೆ, ಅಷ್ಟೇ.

ಕಾಕಾ ಮರಾಠಾ ಲೈಟ್ ಇನ್‌ಫಂಟ್ರಿಯಿಂದ ರಿಟೈರ್ ಆಗಿ, ಆಮೇಲೆ ಒಂದು ಬಂದರಿನಲ್ಲಿ ಆರು ವರ್ಷ ಗೇಟ್ ಕಾದವರು. ನಾನೋ, ಡಿಗ್ರಿ ಮುಗಿಸಿ ಕಂಪ್ಯೂಟರ್ ಮುಂದೆ ಕೂತವನು.

ಆ ರಾತ್ರಿ ಟ್ರೇಲರ್ ಬಂದಾಗ 9:40. ಕಾರ್ಖಾನೆ ಬಿಟ್ಟಿದ್ದು 5ಕ್ಕೆ. ಮುಕ್ಕಾಲು ಗಂಟೆಯ ದಾರಿಗೆ ಇಷ್ಟು ಹೊತ್ತಾ ಅಂತ ಕೇಳಿದೆ. ಪಂಕ್ಚರ್ ಅಂದ ಡ್ರೈವರ್. ಸರಿ ಅಂದೆ. ಅಲ್ಲೇ ತಪ್ಪಿದೆ ನಾನು. ಆದರೆ ಅದು ಸಣ್ಣ ತಪ್ಪು, ದೊಡ್ಡದು ಮುಂದಿತ್ತು.

ಆಫೀಸಿನಿಂದ ಮೂರು ಸಲ ಫೋನ್ ಬಂದಿತ್ತು. ಬಂದರಿಗೆ ಬಾಕ್ಸ್ ಮುಟ್ಟಿಸೋ ಕಟ್‌ಆಫ್ ಹೊತ್ತು ತಪ್ಪಿದರೆ ಹಡಗು ತಪ್ಪುತ್ತೆ, ಹೊಣೆ ನಿಂದೇ ಅಂತ. ಬಾಗಿಲಿಗೆ ಹಾಕಿದ್ದ ಚಿಪ್ ಇರೋ ಇ-ಸೀಲ್‌ಗೆ ರೀಡರ್ ಹಿಡಿದೆ. ಹಸಿರು ದೀಪ. ನಂಬರ್ ಶಿಪ್ಪಿಂಗ್ ಬಿಲ್‌ಗೆ ತಾಳೆ ಆಯ್ತು. ‘ಓಕೆ, ಬಿಡ್ರಿ’ ಅಂದೆ.

ಕಾಕಾ ಬಿಡಲಿಲ್ಲ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಸೀಲನ್ನು ನೋಡಿದರು, ನಂಬರ್ ಓದಿದರು, ಜಗ್ಗಿದರು, ತಿರುಗಿಸಿದರು. ಅದು ಅವರ ರೂಢಿ, ನನಗೂ ಗೊತ್ತು. ಆದರೆ ಕೈ ಅಲ್ಲಿಂದ ಬಾಗಿಲ ಹಿಡಿಕೆ ಮೇಲೆ ಹೋಯ್ತು. ಹಿಡಿಕೆಯನ್ನು ರಾಡಿಗೆ ಕಚ್ಚಿಸೋ ಜಾಗದಲ್ಲಿ ಬೆರಳು ನಿಂತಿತು. ಟಾರ್ಚ್ ತೆಗೆದು ಉಗುರಿನಿಂದ ಕೆರೆದರು. ಉಗುರಿನ ಸಂದಿಗೆ ನೀಲಿ ಬಣ್ಣ ಬಂತು, ಬೆಣ್ಣೆಯ ಹಾಗೆ.

‘ಸಾಹೇಬ್ರ, ಸೀಲ್ ಸರಿ ಐತ್ರಿ. ಈ ಬೋಲ್ಟ್ ಸರಿ ಇಲ್ರಿ. ಇಲ್ಲಿ ರಿವೆಟ್ ಇರಬೇಕು.’

‘ಹಳೇ ಬಾಕ್ಸ್ ಐತಿ ಕಾಕಾ, ಡಿಪೋದಾಗ ರಿಪೇರಿ ಮಾಡಿರ್ತಾರ. ಸಹಿ ಮಾಡ್ರಿ.’

‘ಡಿಪೋದಾಗ ಮಾಡಿದ್ರ ಬಣ್ಣ ಒಣಗಿರತಿತ್ರಿ.’

ಸುತ್ತ ನಾಲ್ಕು ಜನ ಡ್ರೈವರ್‌ಗಳು ನಿಂತಿದ್ದರು. ಒಬ್ಬ ನಕ್ಕ. ಯಾರನ್ನು ನೋಡಿ ನಕ್ಕನೋ ಗೊತ್ತಿಲ್ಲ, ನನಗಂತೂ ನನ್ನನ್ನೇ ನೋಡಿ ನಕ್ಕ ಹಾಗಾಯ್ತು. ದನಿ ಏರಿಸಿದೆ. ಕಾಕಾ ಪೆನ್ನನ್ನು ರಜಿಸ್ಟರ್ ಮೇಲೆ ಅಡ್ಡ ಇಟ್ಟರು. ‘ನಾ ಸಹಿ ಮಾಡಂಗಿಲ್ರಿ’ ಅಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಸಿಟ್ಟಿಲ್ಲ, ಬೇಜಾರಿಲ್ಲ. ಅದೇ ಪೆನ್ನಿನಿಂದ ನಾನು ಸಹಿ ಮಾಡಿದೆ. ಟ್ರೇಲರ್ ಹೋದ ಮೇಲೆ ಅದೇ ಪೆನ್ನಿನಿಂದ ಮೆಮೊ ಬರೆದೆ.

ಮರುದಿನ ರಾತ್ರಿ ಸಿಎಚ್‌ಎ ಫೋನ್. ಬಾಕ್ಸ್ ಹೋಲ್ಡ್ ಆಗಿದೆ. ಬಂದರಿನ ಗೇಟಿನಲ್ಲಿ ಇನ್ಯಾವನೋ ಕಾವಲಿನವನು ಟಾರ್ಚ್ ಹಿಡಿದಿದ್ದು ಅದೇ ಹಿಡಿಕೆಗೆ, ಅದೇ ಬೋಲ್ಟಿಗೆ. ತೂಕ ಮಾಡಿಸಿದರೆ, ಮಾಲು ಸೇರಿ ಬಾಕ್ಸಿನ ಒಟ್ಟು ತೂಕ ಬರೆದ ವಿಜಿಎಂ ಸ್ಲಿಪ್ಪಿಗಿಂತ 400 ಕೆಜಿ ಕಮ್ಮಿ. ಕಸ್ಟಮ್ಸ್‌ನವರ ಎದುರು ತೆಗೆದಾಗ ಬಾಗಿಲ ಕಡೆಯ ಪ್ಯಾಲೆಟ್‌ಗಳು ಅರ್ಧ ಖಾಲಿ. ಗನ್‌ಮೆಟಲ್ ವಾಲ್ವಿನ ಭಾಗಗಳು ಹೋಗಿದ್ದವು. ರಿವೆಟ್ ಕೊರೆದು ತೆಗೆದರೆ ಹಿಡಿಕೆ ಕಳಚುತ್ತೆ, ಸೀಲ್ ಹಿಡಿಕೆಗೇ ನೇತಾಡಿಕೊಂಡು ಸುರಕ್ಷಿತವಾಗಿರುತ್ತೆ. ಸೀಲ್ ಕತ್ತರಿಸಿಲ್ಲ ಅಂದ ಮೇಲೆ ರೀಡರ್ ಹಸಿರು ದೀಪ ತೋರಿಸದೆ ಇನ್ನೇನು ಮಾಡುತ್ತೆ?

ಕಳ್ಳತನವಾಗಿದ್ದಕ್ಕೆ ವಿಮೆ ಇತ್ತು. ನನ್ನ ನಿದ್ದೆ ಕೆಡಿಸಿದ್ದು ಬೇರೆ. ವಾಲ್ವ್ ತೆಗೆದವನು ಅದೇ ಜಾಗದಲ್ಲಿ ಬೇರೇನಾದ್ರೂ ಇಟ್ಟಿದ್ದರೆ? ನನ್ನ ಸಹಿಯ ಮೇಲೆ ಅದು ಹಡಗು ಹತ್ತುತ್ತಿತ್ತು.

ವಿಚಾರಣೆ ಆಯ್ತು. ಮ್ಯಾನೇಜ್‌ಮೆಂಟ್ ಏನು ಮಾಡಿತು ಹೇಳಿ? ಇನ್ನೊಂದು ರೀಡರ್ ತರಿಸಿತು! ಮೊದಲಿನದಕ್ಕಿಂತ ದುಬಾರಿ. ಗೇಟಿನ ಹುಡುಗರ ತರಬೇತಿ ಬಗ್ಗೆ ಕೇಳಿದರೆ, ಅದು ಏಜೆನ್ಸಿ ನೋಡಿಕೊಳ್ಳುತ್ತೆ ಅಂದರು. ಖಾಸಗಿ ಕಾವಲುಗಾರರಿಗೆ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ ಕೊಡಬೇಕು ಅಂತ ಕೇಂದ್ರದ 2006ರ ಮಾದರಿ ನಿಯಮದಲ್ಲೇ ಇತ್ತು. ನಮ್ಮಲ್ಲಿಗೆ ಬರೋ ಹುಡುಗರಿಗೆ ಸಲ್ಯೂಟ್ ಹೊಡೆಯೋದು, ಸೀಟಿ ಊದೋದು ಬರುತ್ತೆ. ಸೀಲ್ ನಂಬರ್ ಓದ್ತಾರೆ. ಕೈ ಹಚ್ಚಿ ನೋಡೋದು ಮಾತ್ರ ಯಾರೂ ಕಲಿಸಿಲ್ಲ. ಕಲಿಸಿದರೂ ನನ್ನಂಥ ಸೂಪರ್‌ವೈಸರ್ ಇದ್ದರೆ ಏನು ಉಪಯೋಗ ಅಲ್ವಾ? ಈಗ ನಮ್ಮ ಗೇಟಿನಲ್ಲಿ ಒಂದೇ ನಿಯಮ ನಾನು ಬದಲಿಸಿದ್ದು: ಗಾರ್ಡ್ ಸಹಿ ಇಲ್ಲದೆ ಗಾಡಿ ಹೋಗಲ್ಲ, ನಾನು ಹೇಳಿದರೂ ಹೋಗಲ್ಲ. ಆಫೀಸಿನವರು ಇದಕ್ಕೆ ಇನ್ನೂ ಗೊಣಗ್ತಾರೆ.

ಯಾರ್ಡಿನ ಹಿಂದೆ ಗುಜರಿ ಕಂಟೇನರ್ ಒಂದು ಬಿದ್ದಿದೆ. ಅದರ ಬಾಗಿಲಿಗೆ ಕಾಕಾ ಎರಡು ರಿವೆಟ್ ಬಿಟ್ಟು ಒಂದು ಬೋಲ್ಟ್ ಹಾಕಿ, ಬಣ್ಣ ಬಳಿದಿದ್ದಾರೆ. ಊಟ ಆದ ಮೇಲೆ ಹುಡುಗರ ಕಣ್ಣಿಗೆ ಟವೆಲ್ ಕಟ್ಟಿ ಬೆರಳಲ್ಲಿ ಹುಡುಕಿಸ್ತಾರೆ. ನಾನೂ ಒಂದು ದಿನ ಮಾಡಿದೆ. ಎರಡು ಸಲ ತಪ್ಪಾಯ್ತು.

ಮೆಮೊ ತೆಗೆಸೋಕೆ ಎಚ್‌ಆರ್ ಹತ್ತಿರ ಹೋಗಿದ್ದೆ. ಫೈಲಿಗೆ ಸೇರಿದ ಕಾಗದ ಹೊರಗೆ ಬರಲ್ಲವಂತೆ, ವಾಪಸ್ ತಗೊಳ್ಳೋಕೆ ಫಾರ್ಮ್ಯಾಟ್ ಇಲ್ಲವಂತೆ. ಬೇರೆ ಪತ್ರ ಬರೆದು ಅದರ ಕೆಳಗೆ ಪಿನ್ ಹೊಡೆದಿದ್ದೇನೆ.

ಕಾಕಾ ಮೆಮೊ ಕಡೆ ಕಣ್ಣು ಹಾಯಿಸಿದರು, ಏನೂ ಹೇಳಲಿಲ್ಲ. ‘ನಾಲ್ಕು ದಿನ ಗೇಟಿನಾಗ ಯಾರ್ ಇರ್ತಾರ್ರಿ?’ ಅಂತ ಕೇಳಿದರು.

‘ನಾನ ಇರ್ತೀನಿ ಕಾಕಾ.’

ಒಂದು ಕ್ಷಣ ನನ್ನ ಮುಖ ನೋಡಿದರು. ಜೇಬಿನಿಂದ ಟಾರ್ಚ್ ತೆಗೆದು ಮೇಜಿನ ಮೇಲಿಟ್ಟರು. ‘ಸೆಲ್ ಹೊಸಾವು ಹಾಕೇನ್ರಿ’ ಅಂದು ಹೊರಟರು.